ಫಾರಂ ಬರಲೇ ಇಲ್ಲ

ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಇಂಗ್ಲಿಷಿನ ದೊಡ್ಡ ಪದಗಳು ನನ್ನನ್ನು ಯಾವತ್ತೂ ಹೆದರಿಸಿಲ್ಲ, ಡಿಕ್ಷನರಿ ತೆಗೆದರೆ ಸಿಕ್ಕಿಬಿಡುತ್ತವೆ. ಪ್ರಾಣ ಹಿಂಡುವುದು ಚಿಲ್ಲರೆ ಪದಗಳು. ಇನ್, ಔಟ್, ಅಪ್, ಆಫ್. ಪುಟ್ ಅಂದರೆ ಇಡು, ಅಷ್ಟೇ ಅಲ್ವಾ? ಪುಟ್ ಆಫ್ ಅಂದರೆ ಮುಂದಕ್ಕೆ ಹಾಕು, ಪುಟ್ ಔಟ್ ಅಂದರೆ ಬೆಂಕಿ ಆರಿಸು, ಪುಟ್ ಅಪ್ ವಿತ್ ಅಂದರೆ ಸಹಿಸಿಕೋ. ಇಡೋದಕ್ಕೂ ಸಹಿಸಿಕೊಳ್ಳೋದಕ್ಕೂ ಏನು ಸಂಬಂಧ ಸ್ವಾಮಿ?

ವೈಟ್‌ಫೀಲ್ಡಿನ ಆಫೀಸಿಗೆ ಆಗಷ್ಟೇ ಸೇರಿದ್ದೆ. ಒಂದು ಬುಧವಾರ ಸಂಜೆ ಮ್ಯಾನೇಜರ್ ಬ್ಯಾಗ್ ಹೆಗಲಿಗೇರಿಸುತ್ತಾ ಬಂದು, ನಾಳೆ ಹತ್ತೂವರೆಯ ಕ್ಲೈಂಟ್ ಮೀಟಿಂಗಿಗೆ 'ಕ್ಯಾನ್ ಯೂ ಫಿಲ್ ಇನ್ ಫಾರ್ ಮಿ?' ಅಂದರು. ಫಿಲ್ ಇನ್ ಅಂದರೆ ಭರ್ತಿ ಮಾಡುವುದು, ಸ್ಕೂಲಿನಲ್ಲಿ ಬಿಟ್ಟ ಸ್ಥಳ ತುಂಬಿ ತುಂಬಿ ಬೆಳೆದವನು ನಾನು. 'ಶೂರ್ ಸರ್' ಅಂದೆ. ಮರುದಿನ ಬೇಗ ಬಂದು, ನೀಲಿ ಪೆನ್ನು ಒಂದು, ಅವರು ಕಪ್ಪು ಇಂಕೇ ಬೇಕು ಅಂದರೆ ಇರಲಿ ಅಂತ ಕಪ್ಪು ಪೆನ್ನೊಂದು ಜೋಡಿಸಿಟ್ಟುಕೊಂಡು ಕಾದೆ. ಹತ್ತೂಮುಕ್ಕಾಲಿಗೆ ಫೋನ್ ಬಂತು, ಎಲ್ಲಿದ್ದೀಯಾ ಅಂತ.

'ಸರ್, ಫಾರಂ ಇನ್ನೂ ಬಂದಿಲ್ಲ.'

ಆ ಕಡೆ ಸುಮಾರು ಹೊತ್ತು ಸದ್ದೇ ಇಲ್ಲ. ಅವರ ಬದಲು ನಾನು ಹೋಗಿ ಕೂರಬೇಕಿತ್ತಂತೆ.

ಇನ್ನೊಂದು ಸಲ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಮ್ಮ ಆಟೋ ಮುಂದೆ ಒಂದು ಟ್ಯಾಂಕರ್. ಹಿಂದೆ ದೊಡ್ಡದಾಗಿ 'ಹೈಲಿ ಇನ್‌ಫ್ಲೇಮಬಲ್' ಅಂತ ಬರೆದಿತ್ತು. ಕರೆಕ್ಟ್‌ಗೆ ಎದುರು ಇನ್‌ಕರೆಕ್ಟ್ ಆದಮೇಲೆ, ಇದು ಬೆಂಕಿ ಹತ್ತದ ಮಾಲು ಅಂತ ಲೆಕ್ಕ ಹಾಕಿ, ಡ್ರೈವರಿಗೂ ಧೈರ್ಯ ಹೇಳಿದೆ. ಅವರು ಬೀಡಿಯನ್ನು ಆರಿಸಿ, 'ಬರೆದಿರೋದು ನಂಗೊತ್ತಿಲ್ಲ ಸಾರ್, ಪಕ್ಕದಲ್ಲಿ ಬೆಂಕಿ ಚಿತ್ರ ಇದೆಯಲ್ಲ' ಅಂದರು. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡೂ ಒಂದೇ ಅಂತ ಮನೆಗೆ ಬಂದು ನೋಡಿದೆ, ಎರಡೂ ಉರಿಯುತ್ತವೆ.

ಹಾಗಂತ ನಮ್ಮ ಕನ್ನಡವೇನು ಸಾಮಾನ್ಯವಾ? ನಿದ್ದೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಯಾರಿಗೂ ಏಟು ಬೀಳುವುದಿಲ್ಲ. ಕಣ್ಣು ಹೊಡೆದರೆ ಮಾತ್ರ ಬೀಳಬಹುದು. ಜರ್ಮನಿಯಿಂದ ಬಂದು 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ಅವರ ಪ್ರತಿಮೆ ಎಂ.ಜಿ. ರೋಡಿನಲ್ಲಿದೆ. ಅದರ ಮುಂದೆ ಹೋಗುವಾಗಲೆಲ್ಲ, ಪಾಪ, ಎಷ್ಟು ಒದ್ದಾಡಿರಬೇಕು ಅನ್ನಿಸುತ್ತದೆ.

ಮ್ಯಾನೇಜರ್ ದೆಹಲಿಯವರು, ಕನ್ನಡ ಕಲಿಯುವ ಹುಮ್ಮಸ್ಸು ಜಾಸ್ತಿ. ಆ ವರ್ಷ ಆಫೀಸಿನ ರಾಜ್ಯೋತ್ಸವದಲ್ಲಿ ಹಳದಿ-ಕೆಂಪು ಶಾಲು ಹಾಕಿಕೊಂಡು ಮೈಕ್ ಹಿಡಿದರು. ಸಹಾಯ ಮಾಡುವುದಕ್ಕೆ ಕೈ ಕೊಡುವುದು ಅನ್ನುತ್ತಾರೆ ಅಂತ ಅವರೇ ಊಹಿಸಿಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು, 'ಇವರು ನನಗೆ ಯಾವಾಗಲೂ ಕೈ ಕೊಡುತ್ತಾರೆ' ಅಂದುಬಿಟ್ಟರು.

ಹಾಲ್ ಬಿದ್ದು ಬಿದ್ದು ನಕ್ಕಿತು. ತಿದ್ದೋಣ ಅಂತ ಬಾಯಿ ತೆರೆದೆ. ಆ ಗುರುವಾರ ನೆನಪಾಯಿತು, ಸುಮ್ನೆ ಕೂತೆ.