ಪ್ರತಿ ಕೋಣೆಗೂ ಒಂದು ಬೆಂಕಿಪೊಟ್ಟಣ

ಮೇ ತಿಂಗಳ ಕೊನೆಗೆ ಅವ್ವ ಸಂತೆಯಿಂದ ತರಿಸುವ ಸಾಮಾನಿನಲ್ಲಿ ಒಂದು ಡಜನ್ ಬೆಂಕಿಪೊಟ್ಟಣ ಇದ್ದೇ ಇರುತ್ತೆ. ಅಡುಗೆಮನೆಗೆ ಒಂದು, ದೇವರ ಮೂಲೆಗೆ ಒಂದು, ಬಚ್ಚಲಿನ ಕಿಟಕಿ ಮೇಲೆ ಒಂದು, ನನ್ನ ಮೇಜಿನ ಖಾನೆಯಲ್ಲಿ ಒಂದು. ಪ್ರತಿಯೊಂದರ ಪಕ್ಕದಲ್ಲೂ ಅರ್ಧ ಉರಿದ ಮೇಣದಬತ್ತಿ. ಕೊಡಗಿನ ಮಾದಾಪುರದ ಕಡೆಯ ಮಳೆ ಗೊತ್ತಿದ್ದವರಿಗೆ ಇದು ವಿಚಿತ್ರ ಅನ್ನಿಸಲ್ಲ. ಮನೆಗೆ ಇನ್ವರ್ಟರ್ ಬಂದ ಮೇಲೂ ಈ ಪದ್ಧತಿ ನಿಂತಿಲ್ಲ. ಯಾಕವ್ವ ಇಷ್ಟೊಂದು ಅಂತ ಕೇಳಿದರೆ, “ಕತ್ತಲೇಲಿ ಹುಡುಕೋದು ಯಾರು? ನಿಂತಲ್ಲೇ ಕೈಗೆ ಸಿಗಬೇಕು” ಅಂತಾರೆ.

ವಿಡಿಯೋ ಗೇಮ್ ಮಾಡುವವರೂ ಎಷ್ಟೋ ವರ್ಷ ಮಾಡಿದ್ದು ಇದನ್ನೇ: ಒಂದೇ ಡೇಟಾವನ್ನು ಡಿಸ್ಕಿನಲ್ಲಿ ಎಷ್ಟೋ ಕಡೆ ನಕಲು ಮಾಡಿ ಇಡೋದು. ಆ ಪದ್ಧತಿಯ ಖರ್ಚು ಈಗ ನಿಧಾನ ನೆಟ್ಟಿನ ನಮ್ಮಂಥವರ ತಲೆ ಮೇಲೆ ಬಂದು ಕೂತಿದೆ ಅನ್ನೋದು ನನ್ನ ತಕರಾರು.

ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆ, ಅದರ ಮೇಲೆ ಆಚೀಚೆ ಓಡಾಡುವ ಒಂದು ಕೈ. ಒಂದೇ ಕಡೆ ಸಾಲಾಗಿ ಇರುವುದನ್ನು ಓದಲು ಹೇಳಿ, ಪಾಪ, ಸೆಕೆಂಡಿಗೆ ನೂರು ಎಂಬಿ ಆಸುಪಾಸು ಕೊಡುತ್ತೆ. ಹತ್ತು ಜಾಗದಿಂದ ಚೂರು ಚೂರು ತಾ ಅಂದರೆ ಸುಸ್ತು. ಓದುವ ಹೊತ್ತಿಗಿಂತ ಹುಡುಕುವ ಹೊತ್ತೇ ಜಾಸ್ತಿ. ದೊಡ್ಡ ಊರಿನ ಆಟವೊಂದನ್ನು ನೆನಪಿಸಿಕೊಳ್ಳಿ. ಪ್ರತಿ ಬೀದಿಯಲ್ಲೂ ಅದೇ ಅಂಚೆ ಡಬ್ಬ, ಅದೇ ಕಸದ ಬುಟ್ಟಿ. ಅಂಚೆ ಡಬ್ಬದ ಡೇಟಾ ಡಿಸ್ಕಿನ ಒಂದು ಮೂಲೆಯಲ್ಲಿ ಮಾತ್ರ ಇದ್ದರೆ ಬೀದಿ ಬದಲಾದಾಗಲೆಲ್ಲ ಆ ಕೈ ಅಲ್ಲಿಗೆ ಓಡಬೇಕು. ಅದರ ಬದಲು ಪ್ರತಿ ಬೀದಿಯ ಡೇಟಾ ಜೊತೆಗೇ ಒಂದೊಂದು ಪ್ರತಿ ಇಟ್ಟುಬಿಟ್ಟರೆ? 2020ರ ಮಾರ್ಚ್‌ನಲ್ಲಿ ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 5ರ (ಪಿಎಸ್ 5) ಒಳಗನ್ನು ವಿವರಿಸಿದ ಅದರ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ ಇದನ್ನೇ ಹೇಳಿದ್ದರು. ಪಿಎಸ್ 4ರ ಸ್ಪೈಡರ್‌ಮ್ಯಾನ್ ಆಟದಲ್ಲಿ ಕೆಲವು ಸಾಮಾನು ಡಿಸ್ಕಿನಲ್ಲಿ 400 ಸಲ ಇದ್ದವಂತೆ. ಅವ್ವನ ಒಂದು ಡಜನ್ ಯಾವ ಲೆಕ್ಕ!

ಪಿಎಸ್ 5ಕ್ಕೆ ಈ ತಾಪತ್ರಯ ಇಲ್ಲ. ಅದರ ಎಸ್‌ಎಸ್‌ಡಿಯಲ್ಲಿ, ಅಂದರೆ ಚಿಪ್‌ಗಳಲ್ಲೇ ಡೇಟಾ ಇಡುವ ಡ್ರೈವ್‌ನಲ್ಲಿ, ಓಡಾಡುವ ಕೈಯೇ ಇಲ್ಲ, ಸೆಕೆಂಡಿಗೆ 5.5 ಜಿಬಿ ಎತ್ತಿ ಕೊಡುತ್ತೆ. ಜೊತೆಗೆ, ಒತ್ತಿ ಚಿಕ್ಕದು ಮಾಡಿಟ್ಟ ಡೇಟಾವನ್ನು ಬಿಚ್ಚಲು ಚಿಪ್‌ನಲ್ಲೇ ಪ್ರತ್ಯೇಕ ಭಾಗವೊಂದಿದೆ. ಸರ್ನಿ ಲೆಕ್ಕದಲ್ಲಿ ಅದು ಒಂಬತ್ತು ಝೆನ್ 2 ಪ್ರೊಸೆಸರ್ ಕೋರ್‌ಗಳ ಕೆಲಸಕ್ಕೆ ಸಮ. ಎಲ್ಲಕ್ಕಿಂತ ಮುಖ್ಯ, ಜಗತ್ತಿನಲ್ಲಿರುವ ಪ್ರತಿ ಪಿಎಸ್ 5ರಲ್ಲೂ ಈ ಸೌಕರ್ಯ ಇದ್ದೇ ಇದೆ. ಪಿಸಿ ಹಾಗಲ್ಲ. ಒಬ್ಬನ ಹತ್ತಿರ ಸೆಕೆಂಡಿಗೆ 7 ಜಿಬಿಯ ಎನ್‌ವಿಎಂಇ ಅನ್ನೋ ಹೊಸ ಬಗೆಯ ಎಸ್‌ಎಸ್‌ಡಿ, ಇನ್ನೊಬ್ಬನ ಹತ್ತಿರ ಅದಕ್ಕಿಂತ ಎಷ್ಟೋ ನಿಧಾನದ ಹಳೇ ಸಾಟಾ ಎಸ್‌ಎಸ್‌ಡಿ, ಮತ್ತೊಬ್ಬ ಅಣ್ಣ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಕಟಕಟ ಸದ್ದು ಮಾಡುವ ಡಿಸ್ಕ್ ಇಟ್ಟುಕೊಂಡವ. ಪಿಸಿಗೆ ಆಟ ತರುವವರು ಇವರಲ್ಲಿ ಯಾರನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು?

ಹೆಲ್‌ಡೈವರ್ಸ್ 2 ಮಾಡಿದ ಆ್ಯರೋಹೆಡ್‌ನವರು ಮೂರನೆಯವನನ್ನು ಇಟ್ಟುಕೊಂಡರು. 2024ರ ಫೆಬ್ರವರಿಯಲ್ಲಿ ಬಂದ ಆ ಆಟ ಪಿಸಿಯಲ್ಲಿ ಬೆಳೆದು ಬೆಳೆದು 154 ಜಿಬಿ ಆಯಿತು. ಪಿಎಸ್ 5ರಂಥ ಕನ್ಸೋಲ್‌ನಲ್ಲಿ ಅದೇ ಆಟ ಇದರ ಒಂದು ಸಣ್ಣ ಪಾಲಷ್ಟೇ. ಉಳಿದದ್ದೆಲ್ಲ ಬೆಂಕಿಪೊಟ್ಟಣ. ಹಾರ್ಡ್ ಡಿಸ್ಕ್‌ನವರಿಗೆ ತೊಂದರೆ ಆಗದಿರಲಿ ಅಂತ ಒಂದೇ ಡೇಟಾದ ಪ್ರತಿಗಳು. 2025ರ ಡಿಸೆಂಬರ್‌ನಲ್ಲಿ, ಆಟಗಳನ್ನು ಪಿಸಿಗೆ ತರುವ ನಿಕ್ಸಸ್ ತಂಡದ ಜೊತೆ ಸೇರಿ ಪ್ರತಿಗಳನ್ನೆಲ್ಲ ಕಿತ್ತು ಹಾಕಿದರು. ಉಳಿದದ್ದು ಎಷ್ಟು ಗೊತ್ತಾ? ಸುಮಾರು 23 ಜಿಬಿ.

ಅದಕ್ಕಿಂತ ನನಗೆ ಹಿಡಿಸಿದ್ದು ಅವರು ಬಾಯಿಬಿಟ್ಟು ಒಪ್ಪಿಕೊಂಡ ರೀತಿ. ಪ್ರತಿಗಳಿಲ್ಲದಿದ್ದರೆ ಹಾರ್ಡ್ ಡಿಸ್ಕ್‌ನಲ್ಲಿ ಲೋಡ್ ಆಗಲು ಐದು ಪಟ್ಟು ಹೊತ್ತು ಹಿಡಿಯಬಹುದು ಅಂತ ಉದ್ಯಮದಲ್ಲಿ ಓಡಾಡುತ್ತಿದ್ದ ಲೆಕ್ಕವೊಂದನ್ನು ತೆಗೆದುಕೊಂಡಿದ್ದರಂತೆ. ಎಲ್ಲಾದರೂ ತಪ್ಪಿದರೆ ಅಂತ ಅದನ್ನು ಮತ್ತೆ ದುಪ್ಪಟ್ಟು ಮಾಡಿದರಂತೆ. ಕೊನೆಗೆ ನಿಜವಾಗಿ ಅಳೆದು ನೋಡಿದರೆ ವ್ಯತ್ಯಾಸ ಬರೀ ಕೆಲವು ಸೆಕೆಂಡು. ಹೊತ್ತು ಹಿಡಿಯುತ್ತಿದ್ದದ್ದು ಡಿಸ್ಕ್ ಓದುವುದರಲ್ಲಿ ಅಲ್ಲ, ಆಟದ ನೆಲವನ್ನು ಆ ಕ್ಷಣಕ್ಕೆ ಹುಟ್ಟಿಸುವ ಲೆಕ್ಕಾಚಾರದಲ್ಲಿ. ಹಾರ್ಡ್ ಡಿಸ್ಕ್‌ನಿಂದ ಆಡುತ್ತಿದ್ದವರು ಸುಮಾರು ಶೇಕಡಾ 11. ಗಿಡದಲ್ಲಿ ಕಾಯಿ ನೋಡದೆ ರಸ್ತೆಯಲ್ಲೇ ನಿಂತು ಫಸಲು ಅಂದಾಜು ಮಾಡುವ ಕಂಟ್ರಾಕ್ಟರ್‌ಗಳನ್ನು ನಾವು ನೋಡಿಲ್ವಾ, ಹಾಗೇ.

ಈಗ ನಮ್ಮೂರ ಲೆಕ್ಕಕ್ಕೆ ಬರೋಣ. ನಮ್ಮ ಮನೆಯಲ್ಲಿ ನೆಟ್ ಚೆನ್ನಾಗಿರುವ ದಿನ ಸೆಕೆಂಡಿಗೆ 2 ಎಂಬಿ ಇಳಿಯುತ್ತೆ. 154 ಜಿಬಿಗೆ ಇಪ್ಪತ್ತೊಂದೂವರೆ ಗಂಟೆ, 23 ಜಿಬಿಗೆ ಮೂರು ಗಂಟೆ ಚಿಲ್ಲರೆ. ಅದೂ ಜನವರಿಯಲ್ಲಿ. ಜುಲೈನಲ್ಲಿ ಒಂದು ಸಿಲ್ವರ್ ಮರ ತಂತಿ ಮೇಲೆ ಬಿತ್ತು ಅಂದರೆ ಲೈನ್‌ಮ್ಯಾನ್ ಬರುವವರೆಗೆ ಕರೆಂಟೂ ಇಲ್ಲ, ಫೈಬರೂ ಇಲ್ಲ. ಮೊಬೈಲ್‌ನ ದಿನಕ್ಕೆ 2 ಜಿಬಿ ಪ್ಯಾಕ್ ನಂಬಿ ಕೂತರೆ ದೊಡ್ಡದಕ್ಕೆ 77 ದಿನ, ಚಿಕ್ಕದಕ್ಕೆ 12 ದಿನ. ಮಳೆಗಾಲಕ್ಕೆ ಶುರು ಮಾಡಿದರೆ ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಆಟ ರೆಡಿ.

ನಮ್ಮ ಚಿಕ್ಕಪ್ಪನ ಮಗ ಕುಶಾಲನಗರದಲ್ಲಿದ್ದಾನೆ, ಅವನಲ್ಲಿ ನೆಟ್ ಗಟ್ಟಿ. ಹೋದ ವರ್ಷ ಒಂದು ದೊಡ್ಡ ಆಟವನ್ನು ಅವನಲ್ಲಿ ಇಳಿಸಿ, ಡಬ್ಬಿ ಡಿಸ್ಕ್‌ಗೆ ಹಾಕಿ, ಬಸ್ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದ. ಡಿಸ್ಕ್ ತಿಂಡಿ ಡಬ್ಬದಲ್ಲಿ, ಟವೆಲ್ ಸುತ್ತಿಕೊಂಡು ಬಂತು. “ಅಣ್ಣಾ, ಇದು ನಿಜವಾದ ಬ್ರಾಡ್‌ಬ್ಯಾಂಡ್” ಅಂತ ಫೋನಲ್ಲಿ ನಕ್ಕ. ಸಂಜೆ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್ ತೆರೆದರೆ 40 ಜಿಬಿಯ ಅಪ್‌ಡೇಟ್ ಕಾಯ್ತಾ ಕೂತಿತ್ತು!

ಕಾಮೆಂಟಲ್ಲಿ ಯಾರಾದರೂ ಕೇಳೇ ಕೇಳ್ತೀರಿ: ಹಾಗಾದರೆ ಹಾರ್ಡ್ ಡಿಸ್ಕ್ ಇಟ್ಟುಕೊಂಡ ಬಡಪಾಯಿ ಏನು ಮಾಡಬೇಕು? ಮೂರು ವರ್ಷದ ಹಿಂದಿನವರೆಗೆ ನಾನೇ ಆ ಬಡಪಾಯಿ, ಆದ್ದರಿಂದ ಹೇಳುವ ಹಕ್ಕು ಇದೆ. ಹಳೇ ಡಿಸ್ಕ್ ಇರುವ ಮನೆಯಲ್ಲೇ ನಿಧಾನ ನೆಟ್ಟೂ ಇರೋದು. ಒಂದು ಟಿಬಿಯ ಡಿಸ್ಕ್‌ನಲ್ಲಿ ಜಾಗವೂ ಅವನಿಗೇ ಕಮ್ಮಿ. ಅವನ ಹೆಸರಲ್ಲಿ ಆರೂವರೆ ಪಟ್ಟು ಡೇಟಾ ಕಳಿಸಿ, ಲೋಡಿಂಗ್‌ನಲ್ಲಿ ಕೆಲವು ಸೆಕೆಂಡ್ ಉಳಿಸಿ ಕೊಟ್ಟೆವು ಅಂದರೆ ಅದು ಯಾವ ಸೀಮೆ ಉಪಕಾರ? ಬೇಕಾದವರಿಗೆ ಪ್ರತಿಗಳ ಕಟ್ಟು ಬೇರೆಯಾಗಿ ಕೊಡಿ. ಹೈ ರೆಸಲ್ಯೂಷನ್ ಟೆಕ್ಸ್ಚರ್‌ಗಳನ್ನು, ಅಂದರೆ ಆಟದ ವಸ್ತುಗಳ ಮೈಮೇಲಿನ ಚಿತ್ರಗಳನ್ನು, ಎಷ್ಟೋ ಆಟಗಳು ಹಾಗೆ ಪ್ರತ್ಯೇಕವಾಗಿ ಕೊಡ್ತಾ ಇಲ್ವಾ.

ಇನ್ನು ಆಟಕ್ಕೆ ಎಂಥ ಪಿಸಿ ಬೇಕು ಅಂತ ಹೇಳುವ ಆ ರಿಕ್ವೈರ್‌ಮೆಂಟ್ಸ್ ಪಟ್ಟಿ. ಗ್ರಾಫಿಕ್ಸ್ ಕಾರ್ಡ್ ಅಂದರೆ ಮಾಡೆಲ್ ನಂಬರ್ ಸಮೇತ ಬರೀತಾರೆ. ಸ್ಟೋರೇಜ್ ಸಾಲಿಗೆ ಬಂದ ಕೂಡಲೇ “100 ಜಿಬಿ, ಎಸ್‌ಎಸ್‌ಡಿ” ಅಂತ ಬರೆದು ಕೈ ತೊಳೆದುಕೊಳ್ತಾರೆ. ಯಾವ ಎಸ್‌ಎಸ್‌ಡಿ ಸ್ವಾಮಿ? ನಾನು ತಗೊಳ್ಳುವಾಗ ಅಂಗಡಿಯವರು “ಎಂ.2 ಇದು, ಹೊಸದು, ಭಾರಿ ಸ್ಪೀಡ್” ಅಂತ ಕೈಗಿಟ್ಟರು. ಮನೆಗೆ ಬಂದು ಕವರ್ ಬಿಚ್ಚಿ ನೋಡಿದೆ. ಚಿನ್ನದ ಬಣ್ಣದ ಹಲ್ಲುಗಳ ನಡುವೆ ಎರಡು ಕಚ್ಚು. ವೇಗದ ಎನ್‌ವಿಎಂಇಗೆ ಸಾಮಾನ್ಯವಾಗಿ ಇರೋದು ಒಂದೇ ಕಚ್ಚು. ಓಡಿಸಿ ನೋಡಿದೆ, ಸೆಕೆಂಡಿಗೆ 540 ಎಂಬಿ. ಆಕಾರ ಎಂ.2, ಒಳಗಿರೋದು ಹಳೇ ಸಾಟಾ. ಕಾಫಿ ಪುಡಿ ಅಂತ ಅರ್ಧ ಚಿಕೋರಿ ಕೊಟ್ಟ ಹಾಗೆ.

ಆದರೂ ನ್ಯಾಯವಾಗಿ ಹೇಳಬೇಕು, ಆ ಸಾಟಾದಲ್ಲೇ ಈಗಲೂ ಹೆಚ್ಚಿನ ಆಟಗಳು ಸರಾಗವಾಗಿ ಓಡ್ತಿವೆ. ರ‍್ಯಾಚೆಟ್ ಆ್ಯಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್ 2021ರಲ್ಲಿ ಬಂದಾಗ, ಕಣ್ಣು ಮಿಟುಕಿಸುವುದರೊಳಗೆ ಒಂದು ಲೋಕದಿಂದ ಇನ್ನೊಂದಕ್ಕೆ ಜಿಗಿಯುವುದು ಪಿಎಸ್ 5ರ ಎಸ್‌ಎಸ್‌ಡಿಯಿಂದ ಮಾತ್ರ ಸಾಧ್ಯ ಅನ್ನೋ ಮಾತೇ ಮಾತು. 2023ರ ಜುಲೈನಲ್ಲಿ ಪಿಸಿಗೆ ಬಂತು ನೋಡಿ, ಕನಿಷ್ಠ ಪಟ್ಟಿಯಲ್ಲಿ 75 ಜಿಬಿ ಹಾರ್ಡ್ ಡಿಸ್ಕ್ ಸಾಕು, ಎಸ್‌ಎಸ್‌ಡಿ ಇದ್ದರೆ ಒಳ್ಳೇದು ಅಂತ ಇತ್ತು! ನನ್ನ ಸಾಟಾದಲ್ಲಿ ಆ ಜಿಗಿತಗಳ ನಡುವೆ ಒಂದು ಕ್ಷಣ ತಡವರಿಸಿತು, ಅಷ್ಟೇ. ಹಾರ್ಡ್ ಡಿಸ್ಕ್‌ಗೆ ಹಾಕಿ ನೋಡಿದಾಗ ಮಾತ್ರ ಜಿಗಿತದ ಮಧ್ಯೆ ಆಟ ನಿಂತು ಉಸಿರು ತಗೊಂಡಿತು.

ವೇಗದ ಡ್ರೈವ್ ಹಾಕಿದ ಮಾತ್ರಕ್ಕೆ ಎಲ್ಲ ಸರಿ ಅನ್ನೋ ಭ್ರಮೆಯೂ ಬೇಡ. ಆಳುಗಳು ಎಷ್ಟೇ ಬೇಗ ಕಾಫಿ ಹಣ್ಣು ಕುಯ್ದು ತಂದು ಸುರಿದರೂ ಸಿಪ್ಪೆ ಬಿಡಿಸುವ ಪಲ್ಪರ್ ಒಂದೇ ಇದ್ದರೆ ಮೂಟೆಗಳು ಕಾಯಲೇಬೇಕು. ಪಿಸಿಯಲ್ಲಿ ಡೇಟಾ ಬಿಚ್ಚುವ ಕೆಲಸ ಬಹಳಷ್ಟು ಆಟಗಳಲ್ಲಿ ಪ್ರೊಸೆಸರ್ ಮೇಲೇ ಬೀಳುತ್ತೆ. ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಸ್ಟೋರೇಜ್ ಅದನ್ನು ಗ್ರಾಫಿಕ್ಸ್ ಕಾರ್ಡ್‌ಗೆ ವಹಿಸಬಲ್ಲದು, ರ‍್ಯಾಚೆಟ್ ಮಾಡಿದ್ದೂ ಅದನ್ನೇ. ಮತ್ತೆ ಪಿಎಸ್ 5ರಲ್ಲಿ 16 ಜಿಬಿ ಮೆಮೊರಿ ಪ್ರೊಸೆಸರ್‌ಗೂ ಗ್ರಾಫಿಕ್ಸ್‌ಗೂ ಒಂದೇ ಹಂಡೆ. ನಮ್ಮಲ್ಲಿ ರ‍್ಯಾಮ್ ಬೇರೆ, ಕಾರ್ಡ್‌ನ ಮೆಮೊರಿ ಬೇರೆ, ಒಂದರಿಂದ ಇನ್ನೊಂದಕ್ಕೆ ಹೊತ್ತು ಹಾಕಬೇಕು. ಆಟ ತನ್ನ ಗ್ರಾಫಿಕ್ಸ್ ಪ್ರೋಗ್ರಾಮುಗಳನ್ನು ನಮ್ಮ ಕಾರ್ಡ್‌ಗೆ ಹೊಂದಿಸಿಕೊಳ್ಳುವ ಶೇಡರ್ ಕಂಪೈಲ್ ಕಥೆ ಇನ್ನೊಂದು ದಿನ ಬರೀತೀನಿ. 83 ಪರ್ಸೆಂಟ್‌ಗೆ ಬಂದಾಗ ಕರೆಂಟ್ ಹೋದ ಸಿಟ್ಟು ಇನ್ನೂ ಇಳಿದಿಲ್ಲ.

ನನಗೆ ಬೇಕಿರೋದು ಆ ಪಟ್ಟಿಯಲ್ಲಿ ಇನ್ನೊಂದು ಸಾಲು. ಸೆಕೆಂಡಿಗೆ ಇಷ್ಟು ಎಂಬಿ ಓದುವ ಡ್ರೈವ್ ಬೇಕು, ಕಮ್ಮಿ ಇದ್ದರೆ ಇಂಥ ಕಡೆ ತಡವರಿಸುತ್ತೆ, ಅಂತ. ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ರ‍್ಯಾಮ್, ಎಸ್‌ಎಸ್‌ಡಿ ಎರಡರ ರೇಟೂ ಏರಿ ಕೂತಿದೆ. ಇಂಥ ಹೊತ್ತಲ್ಲಿ ಕಾಫಿ ದುಡ್ಡು ಕೈಗೆ ಬಂದಾಗ ಏನು ತಗೋಬೇಕು ಅಂತ ನಮ್ಮ ಹುಡುಗರು ಊಹೆ ಮಾಡಿ ದುಡ್ಡು ಹಾಕೋದು ಯಾಕೆ?

ಅಂದ ಹಾಗೆ ನನ್ನ ಹಳೇ ಹಾರ್ಡ್ ಡಿಸ್ಕ್ ಗುಜರಿಗೆ ಹೋಗಿಲ್ಲ. ಅಪ್ಪ ಅದನ್ನು ಸಿಸಿ ಕ್ಯಾಮೆರಾದ ಡಬ್ಬಿಗೆ ಹಾಕಿಸಿದ್ದಾರೆ. ಎಲ್ಲೂ ಹುಡುಕುವ ಹಾಗಿಲ್ಲ, ಹಗಲೂ ರಾತ್ರಿ ಸಾಲಾಗಿ ಬರೆಯುತ್ತಾ ಹೋಗುವುದೊಂದೇ ಕೆಲಸ. ಈಗಲೂ ಕಟಕಟ ಅಂತ ಕಣದಲ್ಲಿ ಹರವಿದ ಕಾಫಿ ಕಾಯ್ತಾ ಇದೆ.