12 ವರ್ಷ ಬಾಡಿಗೆಗಿದ್ದರೆ ಮನೆ ಸ್ವಂತವಾಗುತ್ತದೆಯೇ?

ಹಾಸನದಲ್ಲಿ ಮನೆ ಬಾಡಿಗೆಗೆ ಕೊಟ್ಟವರಿಗೂ ಪಡೆದವರಿಗೂ ಆಗಾಗ ಬರುವ ಸಂದೇಶವಿದು: 12 ವರ್ಷ ಕಳೆದರೆ ಬಾಡಿಗೆದಾರನೇ ಮಾಲೀಕ, ಕೋರ್ಟ್ ಹೇಳಿದೆ. ಇದು ಸರಿಯಲ್ಲ.

12 ವರ್ಷದ ಲೆಕ್ಕ ಹುಸಿಯಲ್ಲ. ಗೊಂದಲ ಹುಟ್ಟುವುದೇ ಅಲ್ಲಿ. 1963ರ ಕಾಲಮಿತಿ ಅಧಿನಿಯಮದ 65ನೇ ಅನುಚ್ಛೇದ ಸ್ಥಿರಾಸ್ತಿಯ ಸ್ವಾಧೀನ ಕೇಳಿ ದಾವೆ ಹೂಡಲು ಮಾಲೀಕನಿಗೆ ಅಷ್ಟು ಅವಧಿ ಕೊಡುತ್ತದೆ. ಆದರೆ ಎಣಿಕೆ ಶುರುವಾಗುವುದು ಸ್ವಾಧೀನವು ಮಾಲೀಕನ ಹಕ್ಕಿಗೆ ಪ್ರತಿಕೂಲವಾದ, ಅಂದರೆ ಅವನ ಒಪ್ಪಿಗೆಯಿಲ್ಲದೆ ಅವನ ಹಕ್ಕಿಗೆ ವಿರುದ್ಧವಾದ, ದಿನದಿಂದ. ಕರಾರು ಬರೆದುಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟುವವನು ಮಾಲೀಕನ ಒಪ್ಪಿಗೆಯಿಂದಲೇ ಇದ್ದಾನೆ. ಅದು ಪ್ರತಿಕೂಲವಾಗುವುದಾದರೂ ಹೇಗೆ? ಕೈಯಲ್ಲಿರುವ ಬಾಡಿಗೆ ರಸೀದಿಯೇ ಅವನ ವಾದಕ್ಕೆ ಅಡ್ಡ ಬರುತ್ತದೆ.

ಇದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಅಧಿನಿಯಮದ ಮೂಲಪಾಠ ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಉಚಿತವಾಗಿದೆ. ತೀರ್ಪಿನ ಮಾತು ಬಂದರೆ ವರ್ಷ, ಪಕ್ಷಗಾರರ ಹೆಸರು ಕೇಳಿ. ಸಿಕ್ಕಿದರೆ ತಲೆಬರಹಕ್ಕೆ ನಿಲ್ಲದೆ ಪ್ರಕರಣದ ಸಂಗತಿಗಳನ್ನು ಓದಿ: ಅಲ್ಲಿದ್ದವನು ಬಾಡಿಗೆದಾರನೋ, ಒತ್ತುವರಿದಾರನೋ? ಕಾನೂನು ಸಂಶೋಧನೆ ಎಂದರೆ ಬಹುಪಾಲು ಇದೇ. ಕಾನೂನು ಹೀಗೇಕಿದೆ, ಹೇಗಿರಬೇಕು ಎಂಬುದು ಕಾನೂನು ಕಾಲೇಜಿನವರ ಪ್ರಶ್ನೆ. ತೀರ್ಪು ತಮ್ಮ ಕಕ್ಷಿದಾರನ ಕಡತಕ್ಕೆ ಅನ್ವಯಿಸುತ್ತದೆಯೇ ಎಂಬುದು ವಕೀಲರದು. ನಂತರದ ತೀರ್ಪೊಂದು ಆ ತೀರ್ಪನ್ನು ಬದಲಿಸಿದೆಯೇ ಎಂದು ಇಬ್ಬರೂ ನೋಡಲೇಬೇಕು.