ಮಾತು ಕೇಳಲ್ಲ ಅಂತ ಬೈಸ್ಕೊಂಡ ಮಗು

ಮಗಳ ಎರಡೂ ಕಿವಿಗೆ ಗ್ರೋಮೆಟ್ (ಕಿವಿ ತಮಟೇಲಿ ಕೂರಿಸೋ ಪುಟ್ಟ ಕೊಳವೆ) ಹಾಕ್ಸಿ ಎರಡು ತಿಂಗಳಾಯ್ತು. ಹೇಗಿದಾಳೆ ಹೇಗಿದಾಳೆ ಅಂತ ತುಂಬಾ ಜನ ಕೇಳ್ತಿದೀರ, ಒಬ್ಬೊಬ್ಬರಿಗೂ ಹೇಳೋಕಾಗ್ದೆ ಇಲ್ಲೇ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ಅವಳಿಗೆ ನಾಲ್ಕು ವರ್ಷ. ಒಂದು ವರ್ಷದಿಂದ ನಮ್ಮನೇಲಿ ದಿನ ಬೆಳಗಾದ್ರೆ ಇದೇ ಮಾತು, "ಈ ಹುಡುಗಿ ಹೇಳಿದ್ ಮಾತೇ ಕೇಳಲ್ಲ". ಹತ್ತು ಸಲ ಕೂಗಿದ್ರೂ ತಿರುಗಲ್ಲ, ಟಿವಿ ಸೌಂಡ್ ಜಾಸ್ತಿ ಮಾಡ್ತಾಳೆ, ಸಕ್ಕರೆಗೆ ತಕ್ಕರೆ ಅಂತಾಳೆ. ಅತ್ತೆ ಅದನ್ನ ಮುದ್ದು ಮಾತು ಅಂದ್ಕೊಂಡಿದ್ರು, ಸ್ಕೂಲಿಂದ ಗಮನ ಕೊಡಲ್ಲ ಅಂತ ಡೈರೀಲಿ ಬರೆದು ಕಳಿಸ್ತಿದ್ರು, ನಾನು ಬೈತಿದ್ದೆ, ಒಂದ್ಸಲ ಹೊಡೆದೂ ಇದೀನಿ. ಕೇಳೋದು ಅನ್ನೋ ಪದ ನೋಡಿ ನಮ್ಮಲ್ಲಿ, ಕಿವಿಗೂ ಅದೇ, ಹೇಳಿದಂಗೆ ನಡ್ಕೊಳೋದಕ್ಕೂ ಅದೇ. ಮಗು ಮಾತು ಕೇಳಲ್ಲ ಅಂದ ತಕ್ಷಣ ನಮಗೆ ಹಠ ನೆನಪಾಗತ್ತೆ, ಕಿವಿ ನೆನಪೇ ಆಗಲ್ಲ. ಅದೂ ಅಲ್ದೆ ಕೆಲವು ದಿನ ಚೆನ್ನಾಗೇ ಕೇಳಿಸ್ತಿತ್ತು, ಎದುರಿಗೆ ಕೂತು ಚಾಕ್ಲೇಟ್ ಬೇಕಾ ಅಂದ್ರೆ ತಕ್ಷಣ ಹೂಂ ಅಂತಿದ್ಲು, ಅದಕ್ಕೇ ಬೇಕಂತ ಮಾಡ್ತಾಳೆ ಅನ್ನಿಸ್ತಿತ್ತು. ಅವಳು ನನ್ನ ತುಟಿ ನೋಡಿ ಅರ್ಥ ಮಾಡ್ಕೊಳ್ತಿದ್ಲು ಅಂತ ಆಮೇಲೆ ಗೊತ್ತಾಗಿದ್ದು.

ಹುಟ್ಟಿದಾಗ ಹಿಯರಿಂಗ್ ಸ್ಕ್ರೀನಿಂಗ್ ಪಾಸ್ ಆಗಿತ್ತು, ಆ ಚೀಟಿ ನಂಬ್ಕೊಂಡು ಕೂತಿದ್ವಿ. ಆಮೇಲೂ ಕಿವಿ ಒಳಗೆ ನೀರು ತುಂಬ್ಕೋಬಹುದು ಅಂತ ಯಾರೂ ಹೇಳಿರ್ಲಿಲ್ಲ, ನೆಗಡಿ ಅಂತ ಸಿರಪ್ ಬರೆದುಕೊಟ್ಟಿದ್ದೇ ಬಂತು. ಕೊನೆಗೆ ಹಾಸನದಿಂದ ಮೈಸೂರಿಗೆ ಹೋಗಿ ಮಾನಸಗಂಗೋತ್ರೀಲಿರೋ ಸ್ಪೀಚ್ ಅಂಡ್ ಹಿಯರಿಂಗಲ್ಲಿ ತೋರಿಸಿದ್ವಿ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು, ಇಷ್ಟು ಹತ್ರ ಇದ್ರೂ ನನಗೆ ಅಲ್ಲಿಗೆ ಕರ್ಕೊಂಡು ಹೋಗ್ಬೇಕು ಅಂತ ಹೊಳೆದಿರ್ಲಿಲ್ಲ. ಸೌಂಡ್ ಬಂದಾಗ ಒಂದು ರಿಂಗ್ ತೆಗೆದು ಕಡ್ಡಿಗೆ ಹಾಕು ಪುಟ್ಟಿ ಅಂತ ಆಟದ ಥರ ಟೆಸ್ಟ್ ಮಾಡ್ತಾರೆ. ನಾನು ಅವಳ ಹಿಂದೆ ಕೂತಿದ್ದೆ. ಸ್ಪೀಕರಲ್ಲಿ ಸಣ್ಣಗೆ ಸೌಂಡ್ ಬಂತು, ನನಗೆ ಕೇಳಿಸ್ತು. ಅವಳು ಹಳದಿ ರಿಂಗನ್ನ ಕೆನ್ನೆ ಹತ್ರ ಹಿಡ್ಕೊಂಡು ಸುಮ್ನೆ ಕಾಯ್ತಾ ಇದ್ಲು. ಮತ್ತೆ ಬಂತು, ಮತ್ತೆ ಕಾಯ್ತಾನೇ ಇದ್ಲು. ಎಷ್ಟು ಶ್ರದ್ಧೆಯಿಂದ ಕಾಯ್ತಿದ್ಲು ಅಂದ್ರೆ... ಗಮನ ಕೊಡದೇ ಇರೋ ಮಗುನಾ ಇದು?

35 ಡೆಸಿಬಲ್ ಬಂತು, ಅಂದ್ರೆ ಸೌಂಡ್ ಅಷ್ಟು ಜೋರಾದ್ರೆ ಮಾತ್ರ ಅವಳಿಗೆ ಕೇಳಿಸ್ತಿತ್ತು. ಕಿವಿ ತಮಟೆ ಎಷ್ಟು ಅಲ್ಲಾಡತ್ತೆ ಅಂತ ತೋರಿಸೋ ಟಿಂಪನೋಗ್ರಾಮಲ್ಲಿ ಗುಡ್ಡದ ಥರ ಏಳಬೇಕಿದ್ದ ಗೆರೆ ಚಪ್ಪಟೆ ಮಲಗಿತ್ತು. ಕಿವಿ ತಮಟೆ ಹಿಂದೆ ನೀರು ಅಂಟಿನ ಥರ ಗಟ್ಟಿಯಾಗಿದೆ ಅಂದ್ರು. ಕಿವಿಯಿಂದ ಮೂಗಿನ ಹಿಂದಕ್ಕೆ ಹೋಗೋ ನಳಿಕೆ ಮಕ್ಕಳಲ್ಲಿ ಗಿಡ್ಡ, ಇಳಿಜಾರೂ ಕಮ್ಮಿ, ನೀರು ಸುಲಭವಾಗಿ ಹರಿದುಹೋಗಲ್ಲ, ಅದರ ಜೊತೆ ಇವಳಿಗೆ ಮೂಗಿನ ಹಿಂದಿರೋ ಅಡೆನಾಯ್ಡ್ ಅನ್ನೋ ಮಾಂಸದ ಗಡ್ಡೆ ಬೇರೆ ಊದಿತ್ತು. ತುಂಬಾ ಮಕ್ಕಳಿಗೆ ತಾನಾಗೇ ಸರಿಹೋಗತ್ತೆ ಅಂತ ಮೂರು ತಿಂಗಳು ಕಾಯಿಸಿದ್ರು, ಆತುರ ಪಡಿಸ್ಲಿಲ್ಲ, ಅದು ನನಗೆ ಇಷ್ಟ ಆಯ್ತು. ಇವಳದ್ದು ಇಳೀಲಿಲ್ಲ.

ಆಪರೇಷನ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಅಡೆನಾಯ್ಡ್ ತೆಗೆದು, ತಮಟೇಲಿ ಸಣ್ಣ ತೂತು ಮಾಡಿ ಆ ನೀರು ಎಳೆದು ಸಾಸಿವೆ ಕಾಳಷ್ಟು ಗ್ರೋಮೆಟ್ ಕೂರಿಸ್ತಾರೆ, ಸಂಜೆಗೇ ಮನೆ. ಬೆಳಗ್ಗೆ ಖಾಲಿ ಹೊಟ್ಟೇಲಿ ಹಾಲು ಹಾಲು ಅಂತ ಅತ್ತಿದ್ದೇ ಕಷ್ಟ ಆಗಿದ್ದು.

ಮಾರನೇ ದಿನ ಮಿಕ್ಸಿ ಹಾಕಿದ್ರೆ ಎರಡೂ ಕಿವಿ ಮುಚ್ಕೊಂಡು ಹಾಲ್‌ಗೆ ಓಡಿದ್ಲು. ಕುಕ್ಕರ್ ವಿಷಲ್‌ಗೆ ಬೆಚ್ಚಿಬೀಳ್ತಿದ್ಲು. ಮೂರನೇ ದಿನ ನೆಲದ ಮೇಲೆ ಕೂತು ಕಾಲು ಚಾಚಿ, ಒಂದು ಕಾಲು ಅಲ್ಲಾಡಿಸಿ ನೋಡಿ, ಇನ್ನೊಂದು ಕಾಲು ಅಲ್ಲಾಡಿಸಿ ನೋಡಿ, "ಅಮ್ಮಾ ಗೆಜ್ಜೆ ಗಲಾಟೆ ಮಾಡ್ತಿದೆ, ತೆಗಿ" ಅಂದ್ಲು. ಅವಳ ಒಂದನೇ ವರ್ಷದ ಹುಟ್ಟುಹಬ್ಬಕ್ಕೆ ನಮ್ಮಮ್ಮ ಹಾಕಿಸಿದ ಗೆಜ್ಜೆ, ಅಳತೆ ದೊಡ್ಡದು ಮಾಡಿಸಿ ಹಾಕ್ತಾನೇ ಬಂದಿದೀವಿ. ಇಷ್ಟು ದಿನ ಅದು ಅವಳಿಗೆ ಗೆಜ್ಜೆನೇ ಆಗಿರ್ಲಿಲ್ಲ. ನಾನು ಬಚ್ಚಲು ಮನೆಗೆ ಹೋಗಿ ಅತ್ತು ಬಂದೆ.

ಆರು ವಾರಕ್ಕೆ ಮತ್ತೆ ಟೆಸ್ಟ್, 15 ಡೆಸಿಬಲ್. ಅಂದ್ರೆ ನಾರ್ಮಲ್. ಮಾತು ಮಾತ್ರ ಒಂದೇ ಸಲಕ್ಕೆ ಸರಿಹೋಗಲ್ಲ. ಇಷ್ಟು ದಿನ ಅವಳಿಗೆ ಸ ಮತ್ತು ಶ ಸರಿಯಾಗಿ ಕೇಳಿಸೇ ಇರ್ಲಿಲ್ಲ, ಈಗ ಹೊಸದಾಗಿ ಕಲೀತಿದಾಳೆ. ಥೆರಪಿಸ್ಟ್ ಹೇಳಿದ ಹಾಗೆ ಬಾಯಿಗೆ ಕೈ ಅಡ್ಡ ಇಟ್ಕೊಂಡು ಆ, ಊ, ಈ, ಮ್, ಶ್, ಸ್ ಅಂತ ಹೇಳ್ತೀನಿ, ಅವಳು ತಿರುಗಿ ಹೇಳ್ತಾಳೆ. ಸಕ್ಕರೆ ಬಂತು, ಬಸ್ಸು ಇನ್ನೂ ಬತ್ತು.

ಮನೇಲಿ ಜಗಳ ಆಗಿದ್ದು ಎಣ್ಣೆಗೆ. ಶನಿವಾರ ತಲೆಗೆ ಹಚ್ಚುವಾಗ ಕಿವಿಗೆರಡು ಹನಿ ಬಿಡೋದು ಅತ್ತೆಯ ಅಭ್ಯಾಸ. ಗ್ರೋಮೆಟ್ ಇದ್ದಾಗ ಅದು ತಮಟೆ ದಾಟಿ ಒಳಗೇ ಹೋಗತ್ತೆ ಅಂತ ಡಾಕ್ಟರ್ ಹತ್ರಾನೇ ಹೇಳಿಸ್ಬೇಕಾಯ್ತು. ಸೋಪಿನ ನೀರೂ ಹೋಗ್ಬಾರ್ದು, ಸ್ನಾನಕ್ಕೆ ಹತ್ತಿಗೆ ವ್ಯಾಸಲೀನ್ ಹಚ್ಚಿ ಇಡ್ತೀವಿ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಗ್ರೋಮೆಟ್ ತಾನೇ ಬಿದ್ದುಹೋಗತ್ತೆ, ಕೆಲವರಿಗೆ ಮತ್ತೆ ಹಾಕ್ಬೇಕಾಗತ್ತೆ, ಆ ಭಯ ನನಗಿದೆ.

ಟೀಚರ್‌ಗಳಿಗೆ ನನ್ನದೊಂದು ಬೇಡಿಕೆ, ಕೈಮುಗಿದು ಕೇಳ್ತೀನಿ. ಡೈರೀಲಿ ಗಮನ ಕೊಡಲ್ಲ ಅಂತ ಬರೆಯೋ ಮುಂಚೆ ಮಗುವಿನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೀರಿ. ತಿರುಗದಿದ್ರೆ ಕಿವಿ ಟೆಸ್ಟ್ ಮಾಡಿಸಿ ಅಂತ ಬರೀರಿ.

ಹೋದ ವಾರ ನೆಗಡಿಯಾಗಿ ಎಡಗಿವಿ ಸೋರ್ತು, ದಿಂಬಿನ ಕವರೆಲ್ಲ ಹಳದಿ ಕಲೆ. ಡಾಕ್ಟರ್ ಡ್ರಾಪ್ಸ್ ಕೊಟ್ರು, ನಿನ್ನೆಗೆ ಮುಗೀತು. ಇವತ್ತು ಬೆಳಗ್ಗೆ ದಿಂಬು ತಿರುಗಿಸಿ ನೋಡಿದೆ, ಕಲೆ ಇರ್ಲಿಲ್ಲ.